ಯೋಧರ ಮನದ ಗಾಯಕ್ಕೆ ನಿಷೇಧಿತ ಮದ್ದು: ಭರವಸೆ ಎಷ್ಟು, ಪುರಾವೆ ಎಷ್ಟು?

ಜಗತ್ತಿನ ಬಹುತೇಕ ರಾಷ್ಟ್ರಗಳು ಮಾದಕವಸ್ತುಗಳ ಪಟ್ಟಿಗೆ ಸೇರಿಸಿ ನಿಷೇಧಿಸಿರುವ ಎಂಡಿಎಂಎ ಎಂಬ ರಾಸಾಯನಿಕವನ್ನು ಮಾನಸಿಕ ಆಘಾತದ ಚಿಕಿತ್ಸೆಗೆ ಬಳಸಲು ಅನುಮತಿ ಕೋರಿದ್ದ ಅರ್ಜಿಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2024ರ ಆಗಸ್ಟ್ 9ರಂದು ಹಿಂದಿರುಗಿಸಿತು. ಇನ್ನೊಂದು ದೊಡ್ಡ ಪ್ರಯೋಗ ನಡೆಸಿ, ಗಟ್ಟಿಯಾದ ಪುರಾವೆಗಳೊಂದಿಗೆ ಬರಬೇಕೆಂಬುದು ಸಂಸ್ಥೆಯ ಸೂಚನೆಯಾಗಿತ್ತು. ಸಾಮಾನ್ಯವಾಗಿ ಔಷಧವೊಂದಕ್ಕೆ ಪರವಾನಗಿ ದೊರೆಯದಿದ್ದರೆ ಅದು ವಾಣಿಜ್ಯ ಪುಟದ ಸುದ್ದಿಯಾಗಿ ಮುಗಿದುಹೋಗುತ್ತದೆ. ಈ ಬಾರಿ ಹಾಗಾಗಲಿಲ್ಲ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಿಂದ ಮರಳಿದ ಮಾಜಿ ಸೈನಿಕರ ಪರವಾಗಿ ದುಡಿಯುವ ಹಲವು ಸಂಘಟನೆಗಳು ತೀವ್ರ ನಿರಾಶೆ ವ್ಯಕ್ತಪಡಿಸಿದವು. ಅದಕ್ಕೂ ಮುನ್ನ ರಿಪಬ್ಲಿಕನ್ ಮತ್ತು ಡೆಮಾಕ್ರಟಿಕ್ ಪಕ್ಷಗಳೆರಡರ ಹತ್ತಾರು ಸಂಸದರು ಅನುಮತಿ ನೀಡುವಂತೆ ಒತ್ತಾಯಿಸಿ ಪತ್ರ ಬರೆದಿದ್ದರು.

ಒಂದು ಕಾಲದಲ್ಲಿ ಹಿಪ್ಪಿಗಳ ಚಟವೆಂದು ಹೀಗಳೆಯಲಾಗಿದ್ದ ವಸ್ತುಗಳಿಗೆ ಇಂದು ಸಮವಸ್ತ್ರ ಧರಿಸಿದ್ದವರೇ ವಕಾಲತ್ತು ವಹಿಸಿರುವುದು ಈ ವಿದ್ಯಮಾನದ ಮೊದಲ ಸೋಜಿಗ. ದೇಶಕ್ಕಾಗಿ ಹೋರಾಡಿದವನು ನೋವಿನಿಂದ ನರಳುತ್ತಿರುವಾಗ ಮದ್ದನ್ನು ತಡೆಹಿಡಿಯುವುದು ಸರಿಯೇ ಎಂಬ ಪ್ರಶ್ನೆ ಒಂದೆಡೆ. ಅದೇ ಯೋಧನಿಗೆ ಪೂರ್ತಿ ಪರೀಕ್ಷೆಯಾಗದ ಮದ್ದನ್ನು ಕೊಡುವುದು ಸರಿಯೇ ಎಂಬ ಪ್ರಶ್ನೆ ಇನ್ನೊಂದೆಡೆ. ಈ ಎರಡರ ನಡುವೆ ವಿಜ್ಞಾನವೂ ರಾಜಕೀಯವೂ ಒಟ್ಟಿಗೆ ಸಿಲುಕಿಕೊಂಡಿವೆ.

ಹಳೆಯ ಗಾಯ, ಹೊಸ ಹೆಸರು

ಯುದ್ಧವು ಮನಸ್ಸನ್ನು ಘಾಸಿಗೊಳಿಸುತ್ತದೆ ಎಂಬುದು ಹೊಸ ಸಂಗತಿಯೇನಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ನಡುಗುತ್ತಾ, ಮಾತು ಕಳೆದುಕೊಂಡು ಕುಳಿತ ಸೈನಿಕರ ಸ್ಥಿತಿಯನ್ನು ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ವೈದ್ಯಕೀಯ ಪತ್ರಿಕೆಯ ಮೂಲಕ ಲೋಕದ ಗಮನಕ್ಕೆ ತಂದರು. ಎರಡನೇ ಮಹಾಯುದ್ಧದ ವೇಳೆಗೆ ಅದು ‘ಯುದ್ಧದ ಬಳಲಿಕೆ’ ಎನಿಸಿಕೊಂಡಿತು. ಹೆಸರು ಏನೇ ಇರಲಿ, ಇಂತಹ ಸೈನಿಕರನ್ನು ಹೇಡಿಗಳೆಂದು ಕಾಣುವ ದೃಷ್ಟಿ ಮಾತ್ರ ಬಹುಕಾಲ ಬದಲಾಗಲಿಲ್ಲ.

ವಿಯೆಟ್ನಾಂ ಯುದ್ಧದಿಂದ ಮರಳಿದವರ ಸಂಕಟ ಮತ್ತು ಅವರು ನಡೆಸಿದ ಹೋರಾಟದ ಫಲವಾಗಿ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯ ಕೈಪಿಡಿಯ ಮೂರನೇ ಆವೃತ್ತಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಅಧಿಕೃತ ಸ್ಥಾನ ನೀಡಿತು. ಪಿಟಿಎಸ್‌ಡಿ ಎಂಬ ಹೆಸರು ಆಗ ಬಳಕೆಗೆ ಬಂತು. ನಡೆದುಹೋದ ಘಟನೆ ಮತ್ತೆ ಮತ್ತೆ ಕಣ್ಣೆದುರು ನಡೆಯುತ್ತಿರುವಂತೆ ಭಾಸವಾಗುವುದು, ದುಃಸ್ವಪ್ನ, ನಿದ್ರಾಹೀನತೆ, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಆಪ್ತರಿಂದಲೂ ದೂರ ಸರಿಯುವುದು ಇದರ ಲಕ್ಷಣಗಳು. ಮದುವೆ ಮನೆಯ ಪಟಾಕಿಯಾಗಲೀ, ರಸ್ತೆಬದಿಯ ಡೀಸೆಲ್ ವಾಸನೆಯಾಗಲೀ ರೋಗಿಯನ್ನು ಕ್ಷಣಾರ್ಧದಲ್ಲಿ ರಣರಂಗಕ್ಕೆ ಎಳೆದೊಯ್ಯಬಲ್ಲದು.

ಈ ಕಾಯಿಲೆ ಬಂದವರೆಲ್ಲರೂ ಪ್ರಾಣ ಕಳೆದುಕೊಳ್ಳುವುದಿಲ್ಲ. ಪ್ರಾಣ ಕಳೆದುಕೊಂಡವರೆಲ್ಲರಿಗೂ ಈ ಕಾಯಿಲೆ ಇರಲಿಲ್ಲ. ಆದರೂ ಅಮೆರಿಕದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ ಲೆಕ್ಕ ಕಳವಳಕಾರಿಯಾಗಿದೆ. 2022ರಲ್ಲಿ 6,407 ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು. ಅಂದರೆ ದಿನವೊಂದಕ್ಕೆ ಸರಾಸರಿ 17ಕ್ಕೂ ಹೆಚ್ಚು ಮಂದಿ. ಹೊಸ ಚಿಕಿತ್ಸೆಗಾಗಿ ಕೇಳಿಬರುತ್ತಿರುವ ಕೂಗಿನ ಹಿಂದೆ ಈ ಸಂಖ್ಯೆಯ ಭಾರವಿದೆ.

ಇರುವ ಚಿಕಿತ್ಸೆಯ ಮಿತಿ

ಚಿಕಿತ್ಸೆಯೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಆಘಾತದ ನೆನಪನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಮತ್ತು ಘಟನೆಯ ಬಗ್ಗೆ ಬೇರೂರಿದ ತಪ್ಪು ಕಲ್ಪನೆಗಳನ್ನು ತಿದ್ದುವ ಮಾತಿನ ಚಿಕಿತ್ಸೆಗಳು ದಶಕಗಳಿಂದ ಬಳಕೆಯಲ್ಲಿವೆ. ಅನೇಕರಿಗೆ ಅವು ಫಲ ನೀಡಿವೆ. ಔಷಧಗಳ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಈ ಕಾಯಿಲೆಗೆಂದೇ ಅನುಮತಿ ಪಡೆದ ಸರ್ಟ್ರಾಲಿನ್ ಮತ್ತು ಪ್ಯಾರಾಕ್ಸಿಟಿನ್ ಎರಡೂ ಮೂಲತಃ ಖಿನ್ನತೆಯ ಮಾತ್ರೆಗಳು. ಮೊದಲನೆಯದಕ್ಕೆ 1999ರಲ್ಲಿ, ಎರಡನೆಯದಕ್ಕೆ 2001ರಲ್ಲಿ ಅನುಮತಿ ದೊರೆಯಿತು.

ತೊಡಕಿರುವುದು ಬೇರೆ ಕಡೆ. ಮಾತಿನ ಚಿಕಿತ್ಸೆಯಲ್ಲಿ ರೋಗಿಯು ತಾನು ಜೀವಮಾನವಿಡೀ ದೂರವಿಡಲು ಯತ್ನಿಸಿದ ನೆನಪನ್ನೇ ಮತ್ತೆ ಕೆದಕಬೇಕು. ಅದನ್ನು ಸಹಿಸಲಾಗದೆ ಹಿಂದೆ ಸರಿಯುವವರು ಬಹಳ. ಅಮೆರಿಕದಲ್ಲಿ 916 ಮಾಜಿ ಸೈನಿಕರನ್ನು ಒಳಗೊಂಡು ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ಪ್ರಮುಖ ಮಾತಿನ ಚಿಕಿತ್ಸೆಗಳನ್ನು ಹೋಲಿಸಿ ನೋಡಲಾಯಿತು. ಎರಡರಲ್ಲೂ ರೋಗಿಗಳು ಸುಧಾರಿಸಿದರು. ಆದರೆ ಒಂದು ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು, ಇನ್ನೊಂದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಂದಿ ಚಿಕಿತ್ಸೆಯನ್ನು ನಡುದಾರಿಯಲ್ಲೇ ಕೈಬಿಟ್ಟರು. ಮದ್ದು ಕಹಿಯಾಗಿದ್ದರೆ ಅದರ ಗುಣ ಎಷ್ಟಿದ್ದರೇನು, ರೋಗಿಯ ಗಂಟಲಲ್ಲಿ ಅದು ಇಳಿಯಬೇಕಲ್ಲವೇ? ಸೈಕೆಡೆಲಿಕ್ ಚಿಕಿತ್ಸೆಯ ಪ್ರತಿಪಾದಕರು ಕೈಯಿಟ್ಟಿರುವುದು ಇದೇ ಜಾಗದಲ್ಲಿ.

ಮಾತ್ರೆಯೊಂದಿಗೆ ಮಾತು

ಈ ವಿಧಾನವನ್ನು ಕುರಿತು ಜನರಲ್ಲಿರುವ ಮೊದಲ ತಪ್ಪು ತಿಳಿವಳಿಕೆ, ಮಾತ್ರೆ ನುಂಗಿದೊಡನೆ ಕಾಯಿಲೆ ವಾಸಿಯಾಗುತ್ತದೆ ಎಂಬುದು. ಪ್ರಯೋಗಗಳಲ್ಲಿ ಅನುಸರಿಸಿದ ಕ್ರಮವೇ ಬೇರೆ. ಮೊದಲಿಗೆ ಸಿದ್ಧತೆಯ ಮೂರು ಬೈಠಕ್‌ಗಳು. ಅನಂತರ ಸುಮಾರು ಒಂದು ತಿಂಗಳ ಅಂತರದಲ್ಲಿ, ಇಬ್ಬರು ಚಿಕಿತ್ಸಕರ ಸಮ್ಮುಖದಲ್ಲಿ, ಔಷಧ ಸೇವಿಸಿ ಎಂಟು ಗಂಟೆಗಳ ಕಾಲ ನಡೆಯುವ ಬೈಠಕ್ ಮೂರು ಬಾರಿ. ಪ್ರತಿಯೊಂದರ ನಂತರ, ಅಲ್ಲಿ ಹೊರಬಂದ ನೆನಪು ಮತ್ತು ಭಾವನೆಗಳನ್ನು ದೈನಂದಿನ ಬದುಕಿಗೆ ಹೊಂದಿಸಿಕೊಳ್ಳಲು ಮೂರು ಮಾತುಕತೆಗಳು. ಒಟ್ಟು ಸೇರಿದರೆ ಚಿಕಿತ್ಸಕರ ಜತೆ ರೋಗಿ ಕಳೆಯುವ ಸಮಯ 40 ಗಂಟೆಗಳನ್ನು ಮೀರುತ್ತದೆ.

ಎಂಡಿಎಂಎ ಕಟ್ಟುನಿಟ್ಟಾದ ಅರ್ಥದಲ್ಲಿ ಎಲ್‌ಎಸ್‌ಡಿಯಂತಹ ಭ್ರಮಾಜನಕವಲ್ಲ. ಅದು ಮಿದುಳಿನಲ್ಲಿ ಸೆರೊಟೊನಿನ್ ಮೊದಲಾದ ರಾಸಾಯನಿಕಗಳನ್ನು ಭಾರಿ ಪ್ರಮಾಣದಲ್ಲಿ ಬಿಡುಗಡೆ ಮಾಡುತ್ತದೆ. ಭಯದ ಕೇಂದ್ರವೆನಿಸಿದ ಅಮಿಗ್ಡಲಾದ ಉದ್ವೇಗವನ್ನು ತಗ್ಗಿಸುತ್ತದೆ. ಎದುರಿಗಿರುವವರ ಮೇಲೆ ವಿಶ್ವಾಸ ಹುಟ್ಟಿಸುತ್ತದೆ. ಭಯದಿಂದ ಮರಗಟ್ಟದೆ, ಭಾವನೆಗಳಿಗೆ ಕುರುಡಾಗದೆ, ನಡೆದ ಘಟನೆಯನ್ನು ನೋಡಲು ಕೆಲವು ಗಂಟೆಗಳ ಅವಕಾಶ ದೊರೆಯುತ್ತದೆ ಎಂಬುದು ತಜ್ಞರ ವಿವರಣೆ. ಅಣಬೆಯಲ್ಲಿ ದೊರೆಯುವ ಸಿಲೊಸೈಬಿನ್ ಮತ್ತು ಆಫ್ರಿಕದ ಗಿಡವೊಂದರ ಬೇರಿನ ತೊಗಟೆಯಿಂದ ಬರುವ ಐಬೊಗೈನ್ ಕೆಲಸ ಮಾಡುವ ಬಗೆ ಬೇರೆ. ಆದರೂ ಚಿಕಿತ್ಸೆಯ ಚರ್ಚೆಯಲ್ಲಿ ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸುವುದು ರೂಢಿಯಾಗಿದೆ.

ಎಂಡಿಎಂಎಯ ಚರಿತ್ರೆ ದೀರ್ಘವಾದುದು. ಜರ್ಮನಿಯ ಮೆರ್ಕ್ ಕಂಪೆನಿ 1912ರಲ್ಲೇ ಇದನ್ನು ತಯಾರಿಸಿತ್ತು. 1970ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಶುಲ್ಗಿನ್ ಇದಕ್ಕೆ ಮರುಜೀವ ನೀಡಿದ ಬಳಿಕ ಕೆಲವು ಮನಶ್ಶಾಸ್ತ್ರಜ್ಞರು ತಮ್ಮ ರೋಗಿಗಳಿಗೆ ಸದ್ದಿಲ್ಲದೆ ಕೊಡತೊಡಗಿದರು. ಅದೇ ವಸ್ತು ‘ಎಕ್ಸ್‌ಟಸಿ’ ಹೆಸರಿನಲ್ಲಿ ಮೋಜಿನಕೂಟಗಳನ್ನು ಪ್ರವೇಶಿಸಿತು. 1985ರಲ್ಲಿ ಅಮೆರಿಕ ಸರ್ಕಾರ ತುರ್ತು ಅಧಿಕಾರ ಬಳಸಿ ಇದನ್ನು ಅತ್ಯಂತ ಕಠಿಣ ನಿರ್ಬಂಧದ ಮೊದಲ ಪಟ್ಟಿಗೆ ಸೇರಿಸಿತು. ಮರುವರ್ಷ ರಿಕ್ ಡಾಬ್ಲಿನ್ ಎಂಬುವರು ಸೈಕೆಡೆಲಿಕ್ ಸಂಶೋಧನೆಗಾಗಿ ‘ಮ್ಯಾಪ್ಸ್’ ಎಂಬ ಸಂಸ್ಥೆ ಸ್ಥಾಪಿಸಿದರು. 2024ರಲ್ಲಿ ಅನುಮತಿಗಾಗಿ ಬಂದ ಅರ್ಜಿ ಆ ಸಂಸ್ಥೆಯ ಸುಮಾರು ನಾಲ್ಕು ದಶಕಗಳ ಶ್ರಮದ ಫಲ.

ಸೇನೆಯ ಕಹಿ ಇತಿಹಾಸ

ರಾಸಾಯನಿಕ ಕೊಟ್ಟು ಯೋಧನ ಬಾಯಿ ಬಿಡಿಸಿ, ಹೂತುಹೋದ ನೆನಪನ್ನು ಹೊರತೆಗೆಯುವ ಪ್ರಯತ್ನವೂ ಇದೇ ಮೊದಲಲ್ಲ. ಎರಡನೇ ಮಹಾಯುದ್ಧದ ಉತ್ತರ ಆಫ್ರಿಕ ರಂಗದಲ್ಲಿ ಅಮೆರಿಕದ ಸೇನಾ ಮನೋವೈದ್ಯರಾದ ರಾಯ್ ಗ್ರಿಂಕರ್ ಮತ್ತು ಜಾನ್ ಸ್ಪೀಗಲ್ ಅವರು ಸೋಡಿಯಂ ಪೆಂಟೊಥಾಲ್ ಚುಚ್ಚಿ ಅರೆಮಂಪರಿಗೆ ತಂದ ವಾಯುಸೈನಿಕರಿಂದ ಯುದ್ಧದ ಅನುಭವವನ್ನು ಮತ್ತೆ ಹೇಳಿಸುತ್ತಿದ್ದರು. ನೆದರ್ಲೆಂಡ್ಸ್‌ನ ಮನೋವೈದ್ಯ ಯಾನ್ ಬಾಸ್ಟಿಯಾನ್ಸ್ ಅವರು ನಾಜಿ ಯಾತನಾ ಶಿಬಿರಗಳಿಂದ ಬದುಕುಳಿದವರಿಗೆ ಎಲ್‌ಎಸ್‌ಡಿ ನೆರವಿನ ಚಿಕಿತ್ಸೆ ನೀಡಿದ್ದರು. ಇವೆರಡರಲ್ಲೂ ಗುಣ ಕಂಡವರಿದ್ದರು. ಆದರೆ ಯಾವುದಕ್ಕೂ ಇಂದಿನ ಮಾನದಂಡಕ್ಕೆ ಸರಿಹೊಂದುವ ಪುರಾವೆ ಸಂಗ್ರಹವಾಗಲಿಲ್ಲ. ಆದ್ದರಿಂದ ಇತಿಹಾಸ ಅವನ್ನು ಮರೆತುಬಿಟ್ಟಿತು.

ಇದೇ ಕಾಲದಲ್ಲಿ ಇನ್ನೊಂದು ಅಧ್ಯಾಯವೂ ನಡೆಯಿತು. ಮೇರಿಲ್ಯಾಂಡ್‌ನ ಎಡ್ಜ್‌ವುಡ್ ಆರ್ಸೆನಲ್‌ನಲ್ಲಿ 1955ರಿಂದ 1975ರವರೆಗೆ ಅಮೆರಿಕ ಸೇನೆ ಸಾವಿರಾರು ಸೈನಿಕರ ಮೇಲೆ ರಾಸಾಯನಿಕಗಳನ್ನು ಪ್ರಯೋಗಿಸಿತು. ಅವುಗಳಲ್ಲಿ ಎಲ್‌ಎಸ್‌ಡಿಯೂ ಒಂದು. ರಾಸಾಯನಿಕ ಅಸ್ತ್ರಗಳಿಂದ ರಕ್ಷಿಸುವ ಉಡುಪಿನ ಪರೀಕ್ಷೆಗೆಂದು 1958ರಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಜೇಮ್ಸ್ ಸ್ಟ್ಯಾನ್ಲಿ ಎಂಬ ಸಾರ್ಜೆಂಟ್‌ಗೆ ಅವರಿಗೆ ತಿಳಿಯದಂತೆ ಎಲ್‌ಎಸ್‌ಡಿ ಕೊಡಲಾಗಿತ್ತು. ಅವರು ಹೂಡಿದ ಪರಿಹಾರದ ದಾವೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ 5-4ರ ಬಹುಮತದಿಂದ ತಿರಸ್ಕರಿಸಿತು. ಸೇವೆಗೆ ಸಂಬಂಧಿಸಿದ ಹಾನಿಗಾಗಿ ಸೈನಿಕ ದಾವೆ ಹೂಡುವಂತಿಲ್ಲ ಎಂಬುದು ತೀರ್ಪಿನ ಸಾರ.

ಈ ಪ್ರಕರಣವನ್ನು ಇಲ್ಲಿ ನೆನಪಿಸಿಕೊಳ್ಳಲು ಕಾರಣವಿದೆ. ಆಜ್ಞೆ ಪಾಲಿಸುವುದನ್ನೇ ಧರ್ಮವೆಂದು ಕಲಿತ ಯೋಧನ ಒಪ್ಪಿಗೆಯನ್ನು ಸಾಮಾನ್ಯ ರೋಗಿಯ ಒಪ್ಪಿಗೆಯಂತೆ ಸುಲಭವಾಗಿ ಪರಿಗಣಿಸಲಾಗದು. ಔಷಧದ ಪ್ರಭಾವದಿಂದ ಎದುರಿಗಿರುವವರ ಮೇಲೆ ಅತಿಯಾದ ವಿಶ್ವಾಸ ಹುಟ್ಟುವ ಚಿಕಿತ್ಸೆಯಲ್ಲಂತೂ ಈ ಎಚ್ಚರ ಇನ್ನಷ್ಟು ಅಗತ್ಯ.

ಅಂಕಿಅಂಶ ಹೇಳುವುದೇನು?

ಮಾಜಿ ಯೋಧರಿಗೆ ಸಂಬಂಧಿಸಿದ ಮಹತ್ವದ ಮೊದಲ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮೈಕೆಲ್ ಮಿಥೋಫರ್ ನೇತೃತ್ವದ ತಂಡ 22 ಮಾಜಿ ಸೈನಿಕರು, ಮೂವರು ಅಗ್ನಿಶಾಮಕ ಸಿಬ್ಬಂದಿ ಮತ್ತು ಒಬ್ಬ ಪೊಲೀಸ್ ಅಧಿಕಾರಿಯನ್ನು ಪರೀಕ್ಷೆಗೆ ಆಯ್ದುಕೊಂಡಿತ್ತು. ಎಲ್ಲರೂ ದೀರ್ಘಕಾಲ ನರಳಿದವರು. 75 ಮಿಲಿಗ್ರಾಂ ಪಡೆದ ಏಳು ಮಂದಿಯ ಪೈಕಿ ಆರು ಮಂದಿಯಲ್ಲಿ, 125 ಮಿಲಿಗ್ರಾಂ ಪಡೆದ 12 ಮಂದಿಯ ಪೈಕಿ ಏಳು ಮಂದಿಯಲ್ಲಿ ಎರಡನೇ ಬೈಠಕ್‌ನ ತಿಂಗಳ ಬಳಿಕ ಕಾಯಿಲೆಯ ಮಾನದಂಡಕ್ಕೆ ಹೊಂದುವ ಲಕ್ಷಣಗಳು ಉಳಿದಿರಲಿಲ್ಲ. ಕೇವಲ 30 ಮಿಲಿಗ್ರಾಂ ಪಡೆದ ಏಳು ಮಂದಿಯಲ್ಲಿ ಇಂತಹ ಸುಧಾರಣೆ ಇಬ್ಬರಲ್ಲಿ ಮಾತ್ರ ಕಂಡುಬಂತು. ಇದಕ್ಕೂ ಮುನ್ನವೇ, 2017ರ ಆಗಸ್ಟ್‌ನಲ್ಲಿ, ಔಷಧ ಆಡಳಿತ ಸಂಸ್ಥೆ ಈ ಚಿಕಿತ್ಸೆಗೆ ‘ಮಹತ್ವದ ಮುನ್ನಡೆ’ ಎಂಬ ವಿಶೇಷ ದರ್ಜೆ ನೀಡಿ ಪರಿಶೀಲನೆಯನ್ನು ಚುರುಕುಗೊಳಿಸಿತ್ತು.

ಅಂತಿಮ ಹಂತದ ಎರಡು ಪ್ರಯೋಗಗಳ ಫಲಿತಾಂಶ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ 2021 ಮತ್ತು 2023ರಲ್ಲಿ ಪ್ರಕಟವಾಯಿತು. 90 ಮಂದಿಯನ್ನು ಒಳಗೊಂಡ ಮೊದಲನೆಯದರಲ್ಲಿ ಎಂಡಿಎಂಎ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದ ಶೇ 67 ಮಂದಿ ಕಾಯಿಲೆಯ ಮಾನದಂಡದಿಂದ ಹೊರಬಂದರು. ಹುಸಿಮಾತ್ರೆಯೊಂದಿಗೆ ಅದೇ ಮಾತಿನ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ 32. 104 ಮಂದಿಯ ಎರಡನೇ ಪ್ರಯೋಗದಲ್ಲಿ ಇವು ಕ್ರಮವಾಗಿ ಶೇ 71 ಮತ್ತು ಶೇ 48.

ಈ ಅಂಕಿಗಳಲ್ಲಿ ಎರಡು ಸೂಕ್ಷ್ಮಗಳಿವೆ. ಎರಡನೇ ಪ್ರಯೋಗದಲ್ಲಿ ಹುಸಿಮಾತ್ರೆ ನುಂಗಿದವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಚೇತರಿಸಿಕೊಂಡಿದ್ದಾರೆ. ಗಂಟೆಗಟ್ಟಲೆ ಪಕ್ಕದಲ್ಲಿ ಕುಳಿತು, ಸಹನೆಯಿಂದ ಕೇಳಿಸಿಕೊಳ್ಳುವ ಇಬ್ಬರು ಚಿಕಿತ್ಸಕರಿದ್ದರೆ ಔಷಧವಿಲ್ಲದೆಯೂ ಎಷ್ಟೋ ಮಂದಿ ಮೇಲೇಳಬಲ್ಲರು ಎಂಬುದಕ್ಕೆ ಇದು ಸಾಕ್ಷಿ. ಇನ್ನೊಂದು ಸಂಗತಿಯೆಂದರೆ, ಈ ಪ್ರಯೋಗಗಳಲ್ಲಿ ಪಾಲ್ಗೊಂಡವರಲ್ಲಿ ಬಹುಪಾಲು ಮಹಿಳೆಯರು. ಮಾಜಿ ಸೈನಿಕರು ಅಲ್ಪಸಂಖ್ಯಾತರು. ಸಾರ್ವಜನಿಕ ಪ್ರಚಾರದಲ್ಲಿ ಯೋಧನ ಮುಖವೇ ಮುಂದಿದ್ದರೂ, ಪುರಾವೆಯ ಹೆಚ್ಚಿನ ಭಾಗ ಬಂದಿರುವುದು ರಣರಂಗವನ್ನೇ ಕಾಣದವರಿಂದ.

ಅನುಮತಿ ಏಕೆ ಸಿಗಲಿಲ್ಲ?

2024ರ ಜೂನ್ 4ರಂದು ಸೇರಿದ ತಜ್ಞರ ಸಲಹಾ ಸಮಿತಿ, ಚಿಕಿತ್ಸೆ ಪರಿಣಾಮಕಾರಿ ಎಂಬುದು ಸಾಬೀತಾಗಿಲ್ಲವೆಂದು 9-2ರ ಮತಗಳಿಂದಲೂ, ಅಪಾಯಕ್ಕಿಂತ ಪ್ರಯೋಜನ ಹೆಚ್ಚೆಂದು ಹೇಳಲಾಗದೆಂದು 10-1ರ ಮತಗಳಿಂದಲೂ ಅಭಿಪ್ರಾಯಪಟ್ಟಿತು. ಇದಕ್ಕೆ ಕಾರಣಗಳು ಹಲವು.

ಔಷಧ ಪರೀಕ್ಷೆಯಲ್ಲಿ ಯಾರು ನಿಜವಾದ ಮದ್ದು ಪಡೆದರು, ಯಾರು ಹುಸಿಮಾತ್ರೆ ಪಡೆದರು ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿರಬಾರದು. ಗೊತ್ತಾದರೆ ನಿರೀಕ್ಷೆಯೇ ಅರ್ಧ ಮದ್ದಾಗಿ ಫಲಿತಾಂಶವನ್ನು ತಿರುಚುತ್ತದೆ. ಎಂಡಿಎಂಎ ವಿಷಯದಲ್ಲಿ ಈ ಗುಟ್ಟು ಉಳಿಯುವುದು ದುಸ್ಸಾಧ್ಯ. ಎರಡನೇ ಪ್ರಯೋಗದಲ್ಲಿ ಮದ್ದು ಪಡೆದವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ, ಹುಸಿಮಾತ್ರೆ ಪಡೆದವರಲ್ಲಿ ಮುಕ್ಕಾಲು ಪಾಲು ಮಂದಿ ತಮಗೆ ದೊರೆತದ್ದು ಏನೆಂಬುದನ್ನು ಸರಿಯಾಗಿಯೇ ಊಹಿಸಿದ್ದರು. ಪಾಲ್ಗೊಂಡವರಲ್ಲಿ ಗಣನೀಯ ಸಂಖ್ಯೆಯವರು ಈ ಹಿಂದೆಯೇ ಎಂಡಿಎಂಎ ಸೇವಿಸಿದ್ದವರು ಎಂಬುದೂ ಸಂದೇಹವನ್ನು ಹೆಚ್ಚಿಸಿತು. ಹೃದಯ ಮತ್ತು ಯಕೃತ್ತಿನ ಮೇಲಾಗುವ ಪರಿಣಾಮ, ದುರ್ಬಳಕೆಯ ಸಾಧ್ಯತೆಗೆ ಸಂಬಂಧಿಸಿದ ಮಾಹಿತಿ ಅಪೂರ್ಣವಾಗಿತ್ತು.

ಇವೆಲ್ಲಕ್ಕಿಂತ ಗಂಭೀರವಾದದ್ದು ನೈತಿಕತೆಯ ಪ್ರಶ್ನೆ. ಕೆನಡಾದಲ್ಲಿ ನಡೆದ ಎರಡನೇ ಹಂತದ ಪ್ರಯೋಗವೊಂದರಲ್ಲಿ ಚಿಕಿತ್ಸಕರೇ ರೋಗಿಯೊಬ್ಬರೊಂದಿಗೆ ಅನುಚಿತವಾಗಿ ವರ್ತಿಸಿದ್ದು ಬೆಳಕಿಗೆ ಬಂದಿತ್ತು. ಅನುಮತಿ ನಿರಾಕರಣೆಯ ಬೆನ್ನಲ್ಲೇ ‘ಸೈಕೋಫಾರ್ಮಕಾಲಜಿ’ ಎಂಬ ವಿಜ್ಞಾನ ಪತ್ರಿಕೆ ಈ ಚಿಕಿತ್ಸೆಗೆ ಸಂಬಂಧಿಸಿದ ಮೂರು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಚಿಕಿತ್ಸಕರ ನಡವಳಿಕೆಗೆ ಕಾವಲು ಹಾಕುವವರು ಯಾರು, ಮಾತ್ರೆಗೆ ಅನುಮತಿ ಕೊಡುವ ಸಂಸ್ಥೆ ಮಾತಿಗೂ ಮಾನದಂಡ ನಿಗದಿಪಡಿಸಬಲ್ಲದೇ ಎಂಬ ಪ್ರಶ್ನೆಗಳಿಗೆ ಅರ್ಜಿದಾರ ಲೈಕೋಸ್ ಕಂಪೆನಿಯ ಬಳಿ ತೃಪ್ತಿಕರ ಉತ್ತರವಿರಲಿಲ್ಲ.

ಗಡಿ ದಾಟಿದ ಯೋಧರು

ಕಾನೂನು ಬಾಗಿಲು ತೆರೆಯುವವರೆಗೆ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ನೇವಿ ಸೀಲ್ ಮೊದಲಾದ ವಿಶೇಷ ಪಡೆಗಳ ಅನೇಕ ಮಾಜಿ ಯೋಧರು ಗಡಿ ದಾಟಿ ಮೆಕ್ಸಿಕೊದ ಖಾಸಗಿ ಚಿಕಿತ್ಸಾಲಯಗಳಿಗೆ ತೆರಳಿ ಐಬೊಗೈನ್ ಸೇವಿಸಿದ್ದಾರೆ. ಗ್ಯಾಬೊನ್ ದೇಶದ ಬ್ವಿಟಿ ಸಮುದಾಯದವರು ಧಾರ್ಮಿಕ ವಿಧಿಗಳಲ್ಲಿ ಬಳಸುವ ಇಬೋಗ ಗಿಡವೇ ಇದರ ಮೂಲ. ಇದರಿಂದ ಗುಣ ಕಂಡ ಮಾಜಿ ಸೀಲ್ ಯೋಧ ಮಾರ್ಕಸ್ ಕಪೋನ್ ಮತ್ತು ಅವರ ಪತ್ನಿ ಆಂಬರ್ ಸಂಘಟನೆಯೊಂದನ್ನು ಸ್ಥಾಪಿಸಿ, ಇತರರ ಪ್ರಯಾಣ ಮತ್ತು ಚಿಕಿತ್ಸೆಗೆ ಹಣ ಒದಗಿಸತೊಡಗಿದರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೋಲನ್ ವಿಲಿಯಮ್ಸ್ ನೇತೃತ್ವದ ತಂಡ, ಮಿದುಳಿಗೆ ಪೆಟ್ಟಾಗಿದ್ದ ಇಂತಹ 30 ಮಾಜಿ ಯೋಧರನ್ನು ಮೆಕ್ಸಿಕೊ ಚಿಕಿತ್ಸೆಯ ಮೊದಲು ಮತ್ತು ನಂತರ ಪರೀಕ್ಷಿಸಿ 2024ರ ಜನವರಿಯಲ್ಲಿ ವರದಿ ಪ್ರಕಟಿಸಿತು. ತಿಂಗಳ ಬಳಿಕ ಆಘಾತೋತ್ತರ ಒತ್ತಡದ ಲಕ್ಷಣಗಳು ಸರಾಸರಿ ಶೇ 88ರಷ್ಟು, ಖಿನ್ನತೆ ಶೇ 87ರಷ್ಟು ತಗ್ಗಿದ್ದವು. ಬೆರಗು ಹುಟ್ಟಿಸುವ ಫಲಿತಾಂಶವೇನೋ ಹೌದು. ಆದರೆ ಇಲ್ಲಿ ಹೋಲಿಕೆಗೆ ಇನ್ನೊಂದು ಗುಂಪೇ ಇರಲಿಲ್ಲ. ಎಲ್ಲರೂ ದೂರದ ಪ್ರಯಾಣ ಮಾಡಿ, ಅಪಾರ ಭರವಸೆ ಹೊತ್ತು ತಾವಾಗಿಯೇ ಹೋದವರು. ಐಬೊಗೈನ್ ಹೃದಯ ಬಡಿತದ ಲಯವನ್ನು ಏರುಪೇರು ಮಾಡಬಲ್ಲದು, ಸಾವುಗಳೂ ವರದಿಯಾಗಿವೆ. ಈ ಅಧ್ಯಯನದಲ್ಲಿ ಮುನ್ನೆಚ್ಚರಿಕೆಯಾಗಿ ಮೆಗ್ನೀಷಿಯಂ ನೀಡಿ, ಹೃದಯದ ಮೇಲೆ ನಿಗಾ ಇಡಲಾಗಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂಬ ಸ್ಥಿತಿಯಲ್ಲಿರುವವರು ಇಂತಹ ನಿಗಾ ಇಲ್ಲದ ಕಡೆಗೆ ಹೋದರೆ ಗತಿಯೇನು?

ಅಪರೂಪದ ಒಮ್ಮತ

ರಾಜಕೀಯವಾಗಿ ಈ ವಿಷಯ ಹುಟ್ಟುಹಾಕಿರುವ ಒಮ್ಮತ ಅಚ್ಚರಿಯದು. ಟೆಕ್ಸಾಸ್‌ನ ಮಾಜಿ ರಾಜ್ಯಪಾಲ, ಕಟ್ಟಾ ಸಂಪ್ರದಾಯವಾದಿ ರಿಕ್ ಪೆರಿ ಇದರ ಪ್ರಬಲ ಪ್ರತಿಪಾದಕರು. ಮಾಜಿ ಸೀಲ್ ಯೋಧರೂ ಆಗಿರುವ ರಿಪಬ್ಲಿಕನ್ ಸಂಸದ ಮಾರ್ಗನ್ ಲಟ್ರೆಲ್ ತಾವೇ ಮೆಕ್ಸಿಕೊದಲ್ಲಿ ಐಬೊಗೈನ್ ಪಡೆದುದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಎಡಪಂಥೀಯ ಒಲವಿನ ಡೆಮಾಕ್ರಟಿಕ್ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೋರ್ಟೆಜ್ 2019ರಲ್ಲಿ ಸಂಶೋಧನೆಗಿದ್ದ ಅಡ್ಡಿ ನಿವಾರಿಸಲು ತಂದ ತಿದ್ದುಪಡಿ ಬಿದ್ದುಹೋಗಿತ್ತು. ನಾಲ್ಕೇ ವರ್ಷಗಳಲ್ಲಿ ಗಾಳಿ ತಿರುಗಿತು. 2023ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ರಕ್ಷಣಾ ಕಾಯ್ದೆಯಲ್ಲಿ, ಸೇವೆಯಲ್ಲಿರುವ ಸೈನಿಕರ ಮೇಲೆ ಇಂತಹ ಚಿಕಿತ್ಸೆಯ ಸಂಶೋಧನೆಗೆ ಅವಕಾಶ ಕಲ್ಪಿಸಲಾಯಿತು.

ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ 2024ರ ಡಿಸೆಂಬರ್‌ನಲ್ಲಿ, ಆಘಾತದ ಜತೆಗೆ ಮದ್ಯವ್ಯಸನವೂ ಇರುವ ಮಾಜಿ ಯೋಧರ ಮೇಲಿನ ಎಂಡಿಎಂಎ ಅಧ್ಯಯನಕ್ಕೆ ಸುಮಾರು 15 ಲಕ್ಷ ಡಾಲರ್ ಮಂಜೂರು ಮಾಡಿತು. 1960ರ ದಶಕದ ಬಳಿಕ ಇಂತಹ ಚಿಕಿತ್ಸೆಗೆ ಇಲಾಖೆ ತಾನೇ ಹಣ ನೀಡಿದ್ದು ಅದೇ ಮೊದಲು. 2025ರ ಜೂನ್‌ನಲ್ಲಿ ಟೆಕ್ಸಾಸ್ ರಾಜ್ಯವು ಐಬೊಗೈನ್ ಸಂಶೋಧನೆಗೆ 5 ಕೋಟಿ ಡಾಲರ್ ಒದಗಿಸುವ ಶಾಸನಕ್ಕೆ ಅಂಕಿತ ಹಾಕಿತು. ಬೇಡಿಕೆ ಚಿಕಿತ್ಸೆಯದ್ದಾದರೂ ಸರ್ಕಾರಗಳು ಹಣ ಹೂಡಿರುವುದು ಸಂಶೋಧನೆಗೆ. ಇದು ಸಮಾಧಾನಕರ ಬೆಳವಣಿಗೆ.

ಬಾಗಿಲು ತೆರೆದ ದೇಶಗಳು

ಆಸ್ಟ್ರೇಲಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2023ರ ಜುಲೈ 1ರಿಂದ ಅಲ್ಲಿ ಅಧಿಕೃತ ಮನೋವೈದ್ಯರು ಆಘಾತೋತ್ತರ ಒತ್ತಡಕ್ಕೆ ಎಂಡಿಎಂಎಯನ್ನೂ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸಿಲೊಸೈಬಿನ್ ಅನ್ನೂ ಬರೆದುಕೊಡಬಹುದು. ರಾಷ್ಟ್ರಮಟ್ಟದಲ್ಲಿ ಹೀಗೆ ಅವಕಾಶ ನೀಡಿದ ಮೊದಲ ದೇಶ ಅದು. ಕೆನಡಾ 2022ರ ಜನವರಿಯಲ್ಲಿ ವಿಶೇಷ ಪ್ರಕರಣಗಳಲ್ಲಿ ವೈದ್ಯರ ಕೋರಿಕೆಯ ಮೇರೆಗೆ ಈ ಔಷಧಗಳನ್ನು ಪಡೆಯುವ ದಾರಿ ಮಾಡಿಕೊಟ್ಟಿತು.

ಆಸ್ಟ್ರೇಲಿಯಾದ ಅನುಭವ ಕಲಿಸಿದ ಪಾಠ ವೆಚ್ಚಕ್ಕೆ ಸಂಬಂಧಿಸಿದ್ದು. ಮಾತ್ರೆಯ ಬೆಲೆ ಎಷ್ಟೇ ಇರಲಿ, ಇಬ್ಬರು ನುರಿತ ಚಿಕಿತ್ಸಕರ ಹತ್ತಾರು ಗಂಟೆಗಳ ದುಡಿಮೆಗೆ ಬೆಲೆ ತೆರಲೇಬೇಕು. ಒಬ್ಬ ರೋಗಿಯ ಪೂರ್ಣ ಚಿಕಿತ್ಸೆಗೆ ಹತ್ತಾರು ಸಾವಿರ ಡಾಲರ್ ಬೇಕೆಂದು ಅಲ್ಲಿನ ಚಿಕಿತ್ಸಾಲಯಗಳ ದರಗಳು ಹೇಳಿದವು. ಅನುಮತಿ ದೊರೆತರೂ ಸರ್ಕಾರವೋ ವಿಮೆಯೋ ಕೈಹಿಡಿಯದಿದ್ದರೆ, ಪಿಂಚಣಿಯಲ್ಲಿ ಬದುಕುವ ಮಾಜಿ ಸಿಪಾಯಿಗೆ ಈ ಚಿಕಿತ್ಸೆ ಕನ್ನಡಿಯೊಳಗಿನ ಗಂಟು.

ನಮ್ಮಲ್ಲಿ ಏನು?

ಭಾರತದಲ್ಲಿ 1985ರ ಮಾದಕದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯಡಿ ಎಂಡಿಎಂಎ, ಎಲ್‌ಎಸ್‌ಡಿ, ಸಿಲೊಸೈಬಿನ್ ಮೂರೂ ನಿಯಂತ್ರಿತ ವಸ್ತುಗಳು. 10 ಗ್ರಾಂ ಎಂಡಿಎಂಎಯನ್ನೇ ಕಾನೂನು ವಾಣಿಜ್ಯ ಪ್ರಮಾಣವೆಂದು ಗಣಿಸುತ್ತದೆ. ಆ ಪ್ರಮಾಣದ ಅಪರಾಧಕ್ಕೆ ಕನಿಷ್ಠ ಶಿಕ್ಷೆ 10 ವರ್ಷಗಳ ಕಠಿಣ ಸಜೆ. ಬೆಂಗಳೂರಿನಲ್ಲಿ ಎಂಡಿಎಂಎ ಎಂದೊಡನೆ ನೆನಪಾಗುವುದು ಪೊಲೀಸರ ದಾಳಿ, 2020ರಲ್ಲಿ ಕನ್ನಡ ಚಿತ್ರರಂಗವನ್ನು ತಲ್ಲಣಗೊಳಿಸಿದ ಮಾದಕವಸ್ತು ಪ್ರಕರಣ. ಆದರೆ ಅದೇ ಕಾಯ್ದೆ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ವಿನಾಯಿತಿಯನ್ನೂ ಇರಿಸಿದೆ. 2014ರ ತಿದ್ದುಪಡಿ ಈ ಅಂಶಕ್ಕೆ ಇನ್ನಷ್ಟು ಒತ್ತು ನೀಡಿತು. ಸಂಶೋಧನೆಯ ಬಾಗಿಲು ಕಾಗದದ ಮೇಲೆ ಮುಚ್ಚಿಲ್ಲ ಎಂಬುದು ಗಮನಾರ್ಹ.

ಹಾಗೆಂದು ಅಮೆರಿಕದ ಚರ್ಚೆಯನ್ನು ಯಥಾವತ್ತಾಗಿ ಇಲ್ಲಿಗೆ ತರುವುದು ಜಾಣತನವಲ್ಲ. ಅಲ್ಲಿ ಎರಡು ಚಿಕಿತ್ಸೆಗಳು ಫಲಿಸದವನು ಮೂರನೆಯದನ್ನು ಕೇಳುತ್ತಿದ್ದಾನೆ. ಇಲ್ಲಿ ಸೈನಿಕ ಪರಂಪರೆಗೆ ಹೆಸರಾದ ಕೊಡಗಿನಂತಹ ಜಿಲ್ಲೆಗಳ ಹಳ್ಳಿಗಳಲ್ಲಿ ನಿವೃತ್ತಿ ಜೀವನ ನಡೆಸುವವರಿಗೆ ಮೊದಲ ಚಿಕಿತ್ಸೆಯೇ ಸುಲಭವಾಗಿ ಎಟಕುವಂತಿರಬೇಕಾಗಿದೆ. ಮಾಜಿ ಸೈನಿಕರಿಗಾಗಿ 2003ರಲ್ಲಿ ಆರಂಭವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಯಾರು ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು. ಸಶಸ್ತ್ರ ಪಡೆಗಳಿಗೆಂದೇ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ಇದರ ಪ್ರತ್ಯೇಕ ಘಟಕ ಪ್ರಾರಂಭವಾಯಿತು. ಗಂಡಸು ಅಳಬಾರದು, ಸಿಪಾಯಿಯಂತೂ ಅಳಲೇಬಾರದು ಎಂಬ ಕಟ್ಟುಪಾಡು ಸಡಿಲವಾಗದ ಹೊರತು ಈ ಸೌಲಭ್ಯಗಳ ಪ್ರಯೋಜನ ಪೂರ್ಣವಾಗಿ ದಕ್ಕದು.

ತುರ್ತು ಬೇಕು, ರಿಯಾಯಿತಿ ಬೇಡ

ಅಮೆರಿಕದ ಔಷಧ ಸಂಸ್ಥೆಯ ನಿರ್ಧಾರವನ್ನು ಕೆಲವರು ಅಧಿಕಾರಶಾಹಿಯ ಕ್ರೌರ್ಯವೆಂದು ಬಣ್ಣಿಸಿದರು. ಮತ್ತೆ ಕೆಲವರು ಅದನ್ನು ಸೈಕೆಡೆಲಿಕ್ ಚಿಕಿತ್ಸೆಯ ಅಂತ್ಯವೆಂದು ಸಂಭ್ರಮಿಸಿದರು. ವಸ್ತುಸ್ಥಿತಿ ಇವೆರಡಕ್ಕಿಂತ ಭಿನ್ನ. ಮೂರನೇ ಹಂತದ ಪ್ರಯೋಗಗಳಲ್ಲಿ ಕಂಡ ಸುಧಾರಣೆಯನ್ನು ಅಲಕ್ಷಿಸುವಂತಿಲ್ಲ. ಆ ಸುಧಾರಣೆಯಲ್ಲಿ ಮದ್ದಿನ ಪಾಲೆಷ್ಟು, ನಿರೀಕ್ಷೆಯ ಪಾಲೆಷ್ಟು, ಮಾತಿನ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲು ಈವರೆಗಿನ ಪ್ರಯೋಗಗಳಿಗೆ ಸಾಧ್ಯವಾಗಿಲ್ಲ ಎಂಬುದೂ ಅಷ್ಟೇ ನಿಜ.

ಯೋಧನ ಸಂಕಟ ಸಂಶೋಧನೆಗೆ ವೇಗ ನೀಡಬೇಕು. ಹಣ, ಪರವಾನಗಿ, ತರಬೇತಿ ಪಡೆದ ಚಿಕಿತ್ಸಕರು, ಯೋಧರನ್ನೇ ಹೆಚ್ಚಿನ ಸಂಖ್ಯೆಯಲ್ಲಿ ಒಳಗೊಂಡ ಪ್ರಯೋಗಗಳು, ಇವುಗಳಿಗೆ ವಿಳಂಬ ಸಲ್ಲದು. ಆದರೆ ಅದೇ ಸಂಕಟವನ್ನು ಮುಂದಿಟ್ಟು ಪುರಾವೆಯಲ್ಲಿ ರಿಯಾಯಿತಿ ಕೇಳುವುದು ಯೋಧನಿಗೆ ಮಾಡುವ ಉಪಕಾರವಾಗದು. ಎಡ್ಜ್‌ವುಡ್‌ನಲ್ಲಿ ಸೈನಿಕರಿಗೆ ತಮ್ಮ ದೇಹಕ್ಕೆ ಸೇರುತ್ತಿರುವುದು ಏನೆಂದು ತಿಳಿಯುವ ಹಕ್ಕೂ ಇರಲಿಲ್ಲ. ಅವರ ನಂತರದ ತಲೆಮಾರಿಗೆ ಸಲ್ಲಬೇಕಾದ ಕನಿಷ್ಠ ನ್ಯಾಯವೆಂದರೆ, ಕೈಗಿಡುವ ಮದ್ದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬ ಪೂರ್ಣ ಸತ್ಯ. ಹುಸಿಮಾತ್ರೆ ಪಡೆದೂ ಚೇತರಿಸಿಕೊಂಡವರ ಉದಾಹರಣೆ ಇನ್ನೊಂದು ಮಾತನ್ನೂ ಹೇಳುತ್ತದೆ. ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವವರನ್ನು ಒದಗಿಸಲು ಯಾವ ಸರ್ಕಾರವೂ ಔಷಧ ಸಂಸ್ಥೆಯ ಅನುಮತಿಗಾಗಿ ಕಾಯಬೇಕಿಲ್ಲ.